ಗೋಕರ್ಣ–ಕುಮಟಾ ಕರಾವಳಿ: ಅವಸರವಿಲ್ಲದ ಪ್ರವಾಸಕ್ಕೊಂದು ಕೈಪಿಡಿ

ಉತ್ತರ ಕನ್ನಡ ಜಿಲ್ಲೆಯಲ್ಲಿ ಸಹ್ಯಾದ್ರಿಯ ಸಾಲು ಕಡಲಿಗೆ ತೀರ ಸಮೀಪಕ್ಕೆ ಬಂದು ನಿಲ್ಲುತ್ತದೆ. ಕೆಲವೆಡೆ ಬೆಟ್ಟದ ಚಾಚುಗಳು ನೇರವಾಗಿ ನೀರಿಗೇ ಇಳಿದು ಭೂಶಿರಗಳಾಗಿವೆ. ಎರಡು ಭೂಶಿರಗಳ ನಡುವೆ ಒಂದು ಮರಳು ದಂಡೆ, ಅದನ್ನು ದಾಟಿದರೆ ಮತ್ತೊಂದು ಗುಡ್ಡ, ಅದರಾಚೆ ಒಂದು ಹೊಳೆಯ ಅಳಿವೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳು ಈ ಜಿಲ್ಲೆಯ ಸುಮಾರು 140 ಕಿ.ಮೀ. ಉದ್ದದ ಕರಾವಳಿಯನ್ನು ತುಂಡು ತುಂಡಾಗಿ ಕತ್ತರಿಸಿವೆ. ಕಡಲಂಚಿನಲ್ಲಿಯೇ ಉದ್ದಕ್ಕೂ ಸಾಗುವ ರಸ್ತೆ ಇಲ್ಲಿಲ್ಲ. ಈ ಒರಟು ನೆಲವೇ ಇಲ್ಲಿನ ಅನೇಕ ದಂಡೆಗಳನ್ನು ಇಂದಿಗೂ ಜನಜಂಗುಳಿಯಿಂದ ಕಾಪಾಡಿದೆ.

ಈ ಕರಾವಳಿಯಲ್ಲಿ ಗಂಗಾವಳಿಯ ಅಳಿವೆಯಿಂದ ದಕ್ಷಿಣಕ್ಕೆ ಧಾರೇಶ್ವರದವರೆಗಿನ ಭಾಗ, ಅಂದರೆ ಗೋಕರ್ಣವೂ ಸೇರಿದ ಕುಮಟಾ ತಾಲ್ಲೂಕಿನ ತೀರ, ವಿಶ್ರಾಂತಿಗೆಂದು ಬರುವವರಿಗೆ ಅತ್ಯಂತ ಪ್ರಶಸ್ತವಾದುದು. ಆದರೆ ಇಲ್ಲಿನ ಪ್ರವಾಸವನ್ನು ಊರಿನಿಂದೂರಿಗೆ ಓಡುವ ರೀತಿಯಲ್ಲಿ ಯೋಜಿಸಿದವರಿಗೆ ವಿಶ್ರಾಂತಿ ದೊರೆಯುವುದಿಲ್ಲ. ಋತು, ಉಬ್ಬರ–ಇಳಿತ, ನಡಿಗೆಯ ದೂರ ಹಾಗೂ ಸ್ಥಳೀಯರ ದುಡಿಮೆಯ ವೇಳೆ, ಈ ನಾಲ್ಕನ್ನು ಅರಿತು ಹೊರಡುವುದು ಅಗತ್ಯ.

ತೀರ ಉಳಿದು ಬಂದ ಬಗೆ

ಈ ಕರಾವಳಿ ಎಂದೂ ನಿರ್ಜನವಾಗಿರಲಿಲ್ಲ. ಅಘನಾಶಿನಿಯ ದಡದ ಮಿರ್ಜಾನ್ ಒಂದು ಕಾಲದಲ್ಲಿ ಕಾಳುಮೆಣಸಿನ ವ್ಯಾಪಾರಕ್ಕೆ ಹೆಸರಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಸಾಗುತ್ತಿತ್ತು. ಮಾರುಕಟ್ಟೆಯಲ್ಲಿ ಆ ಹತ್ತಿಗೆ ‘ಕುಮಟಾ ಹತ್ತಿ’ ಎಂದೇ ಹೆಸರು ನಿಂತಿತು. 1880ರ ದಶಕದ ಕೊನೆಯಲ್ಲಿ ಹುಬ್ಬಳ್ಳಿ–ಧಾರವಾಡ ಸೀಮೆಗೆ ಗೋವಾದ ಮರ್ಮಗೋವಾ ಬಂದರಿನೊಡನೆ ರೈಲು ಸಂಪರ್ಕ ದೊರೆಯಿತು. ಹತ್ತಿಯ ಸಾಗಾಟ ಆ ಕಡೆಗೆ ತಿರುಗಿತು, ಕುಮಟೆಯ ಬಂದರು ಸೊರಗಿತು.

ಅನಂತರದ ಒಂದು ಶತಮಾನ ಕಾಲ ಈ ತೀರ ಮೀನುಗಾರಿಕೆ, ಬೇಸಾಯ ಹಾಗೂ ಗೋಕರ್ಣದ ಯಾತ್ರಿಕರನ್ನು ನಂಬಿ ಬದುಕಿತು. ಗೋವಾದ ಸಂದಣಿಯಿಂದ ದೂರವಿರಬಯಸಿದ ವಿದೇಶಿಯರು ಕೂಡ್ಲೆ, ಓಂ ದಂಡೆಗಳನ್ನು ಹುಡುಕಿಕೊಂಡು ಬಂದರು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣಗೊಂಡ ಮೇಲೆ ದೂರದ ಊರುಗಳ ಜನರಿಗೂ ಇಲ್ಲಿಗೆ ದಾರಿ ಸುಗಮವಾಯಿತು. ಈಗ ವಾರಾಂತ್ಯ ಹಾಗೂ ವರ್ಷಾಂತ್ಯದ ದಿನಗಳಲ್ಲಿ ಗೋಕರ್ಣದ ಬೀದಿಗಳಲ್ಲಿ ವಾಹನ ನಿಲ್ಲಿಸಲು ಸ್ಥಳ ಸಿಗುವುದು ಕಷ್ಟ. ಆದರೂ ರಸ್ತೆ ಮುಟ್ಟದ ದಂಡೆಗಳು ಇನ್ನೂ ಇವೆ.

ಯಾವ ಕಾಲ ಸೂಕ್ತ?

ನವೆಂಬರ್ ಎರಡನೆಯ ವಾರದಿಂದ ಫೆಬ್ರವರಿ ಕೊನೆಯವರೆಗಿನ ಅವಧಿ ಉತ್ತಮ. ಆಕಾಶ ತಿಳಿಯಾಗಿರುತ್ತದೆ, ಕಡಲು ಬಹುಮಟ್ಟಿಗೆ ಶಾಂತವಾಗಿರುತ್ತದೆ, ರಾತ್ರಿ ಹಿತವಾದ ತಂಪು ಇರುತ್ತದೆ. ಸೂರ್ಯಾಸ್ತ ಸುಮಾರು 6ರಿಂದ 6.40 ಗಂಟೆಯೊಳಗೆ ಆಗುತ್ತದೆ. ಅಕ್ಟೋಬರ್‌ನಲ್ಲಿ ಹಸಿರು ಉಳಿದಿರುತ್ತದೆಯಾದರೂ ಮಧ್ಯಾಹ್ನದ ನಂತರ ಗುಡುಗು ಮಳೆ ಸಾಮಾನ್ಯ.

ಮಾರ್ಚ್‌ನಿಂದ ಮೇ ತಿಂಗಳವರೆಗೆ ಸೆಕೆ ಹೆಚ್ಚು. ಬೆವರನ್ನು ಸಹಿಸಬಲ್ಲವರಿಗೆ ಈ ಕಾಲಕ್ಕೂ ತನ್ನದೇ ಆದ ರುಚಿಯಿದೆ. ಕುಮಟಾ ಸುತ್ತಲಿನ ಹೆದ್ದಾರಿ ಬದಿಯಲ್ಲಿ ಇಲ್ಲಿಯದೇ ತಳಿಯ ಸಿಹಿ ಈರುಳ್ಳಿಯ ಜಡೆಗಳು ತೂಗುವುದು ಬೇಸಿಗೆಯಲ್ಲಿ. 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಅಂಕೋಲೆಯ ಕರಿ ಇಶಾಡು ಮಾವು ಪೇಟೆಗೆ ಬರುವುದೂ ಇದೇ ಕಾಲದಲ್ಲಿ. ಗೋಕರ್ಣದ ಬಳಿಯ ಸಾಣಿಕಟ್ಟಾದಲ್ಲಿ ಉಪ್ಪು ಕೆನೆಗಟ್ಟುವುದನ್ನು ನೋಡಬೇಕಾದರೂ ಬೇಸಿಗೆಯೇ ಆಗಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು. ವರ್ಷಕ್ಕೆ 3,000 ಮಿ.ಮೀ. ಮೀರುವ ಇಲ್ಲಿನ ಮಳೆಯ ಬಹುಪಾಲು ಈ ನಾಲ್ಕು ತಿಂಗಳಲ್ಲಿಯೇ ಸುರಿಯುತ್ತದೆ. ದಂಡೆಯ ಗುಡಿಸಲುಗಳನ್ನು ಬಿಚ್ಚಿಡಲಾಗುತ್ತದೆ, ವಿಹಾರದ ದೋಣಿಗಳು ದಡ ಸೇರುತ್ತವೆ. ಮೀನು ಮರಿ ಮಾಡುವ ಕಾಲವೆಂದು ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮಳೆ ನೋಡುವುದೇ ಉದ್ದೇಶವಾದರೆ ಬರಬಹುದು, ಆದರೆ ಆಗ ನೀರಿಗಿಳಿಯುವ ಆಲೋಚನೆಯನ್ನೇ ಬಿಡಬೇಕು. ರಸ್ತೆಯ ಸ್ಥಿತಿಯನ್ನೂ ತಿಳಿದು ಹೊರಡಬೇಕು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಹಲವರು ಪ್ರಾಣ ಕಳೆದುಕೊಂಡರು. ಅದೇ ವರ್ಷ ಆಗಸ್ಟ್‌ನಲ್ಲಿ ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಭಾರಿ ಮಳೆಯ ಮುನ್ಸೂಚನೆ ಇರುವಾಗ ಪ್ರಯಾಣವನ್ನು ಎರಡು ದಿನ ಮುಂದೂಡುವುದೇ ಜಾಣತನ.

ಎಷ್ಟು ದಿನ, ಎಲ್ಲಿ ವಾಸ?

ಕನಿಷ್ಠ ನಾಲ್ಕು ರಾತ್ರಿಗಳನ್ನು ಮೀಸಲಿಡುವುದು ಒಳ್ಳೆಯದು. ಬೆಂಗಳೂರಿನಿಂದ ಬರುವವರಿಗೆ ಪ್ರಯಾಣಕ್ಕೇ ಹೋಗುತ್ತ ಒಂದು, ಬರುತ್ತ ಒಂದು ರಾತ್ರಿ ಬೇಕಾಗುತ್ತದೆ. ಎರಡು ದಿನಗಳ ರಜೆಯಲ್ಲಿ ಗೋಕರ್ಣ, ಮುರ್ಡೇಶ್ವರ, ಕಾರವಾರ, ಜೋಗ ಎಲ್ಲವನ್ನೂ ಪಟ್ಟಿಗೆ ಸೇರಿಸಿದರೆ ವಾಹನದ ಕಿಟಕಿಯಿಂದ ಕಂಡದ್ದಷ್ಟೇ ಉಳಿಯುತ್ತದೆ. ಒಂದೇ ಊರಿನಲ್ಲಿ ತಂಗಿ ಅಲ್ಲಿಂದ ದಿನಕ್ಕೊಂದು ದಿಕ್ಕಿಗೆ ಹೋಗಿಬರುವುದು ಲೇಸು. ಸಾಧ್ಯವಾದರೆ ಭಾನುವಾರ ಸಂಜೆ ಬಂದು ಗುರುವಾರ ಅಥವಾ ಶುಕ್ರವಾರ ಹೊರಡುವಂತೆ ದಿನ ಹೊಂದಿಸಿಕೊಳ್ಳಬೇಕು. ಅದೇ ಕೊಠಡಿ ವಾರದ ನಡುವೆ ಕಡಿಮೆ ಬಾಡಿಗೆಗೆ ಸಿಗುತ್ತದೆ, ದಂಡೆಯೂ ಖಾಲಿಯಿರುತ್ತದೆ.

ವಾಸ್ತವ್ಯಕ್ಕೆ ಮೂರು ಬಗೆಯ ಆಯ್ಕೆಗಳಿವೆ. ಗೋಕರ್ಣ ಪೇಟೆಯಲ್ಲಿ ವಸತಿಗೃಹಗಳು ಹೇರಳ. ವೃದ್ಧರೊಡನೆ ಬರುವವರಿಗೂ ದೇವರ ದರ್ಶನ ಮುಖ್ಯವಾದವರಿಗೂ ಇವು ಅನುಕೂಲ. ಕೂಡ್ಲೆ ಹಾಗೂ ಓಂ ದಂಡೆಗಳಲ್ಲಿ ಸರಳ ಗುಡಿಸಲುಗಳಿಂದ ಹಿಡಿದು ದುಬಾರಿ ರೆಸಾರ್ಟ್‌ಗಳವರೆಗೆ ಎಲ್ಲವೂ ಉಂಟು. ಆದರೆ ಇವುಗಳಲ್ಲಿ ಕೆಲವಕ್ಕೆ ಮೆಟ್ಟಿಲಿಳಿದು, ಮರಳಿನಲ್ಲಿ ನಡೆದು, ಸಾಮಾನು ಹೊತ್ತೇ ಹೋಗಬೇಕು. ಮೂರನೆಯದು ಅಘನಾಶಿನಿಯ ದಕ್ಷಿಣ ದಡದಿಂದ ಕುಮಟೆಯವರೆಗಿನ ಹಳ್ಳಿಗಳ ಹೋಂಸ್ಟೇಗಳು. ಕಾಗಾಲ, ಬಾಡ, ಕಡ್ಲೆ, ವನ್ನಳ್ಳಿ ಸುತ್ತಮುತ್ತ ತೆಂಗಿನ ತೋಟ, ಗಾಳಿಮರಗಳ ನೆರಳು, ಸಂಜೆ ದಂಡೆಯಲ್ಲಿ ಹತ್ತಾರು ಜನ, ಇಷ್ಟೇ. ನಿಜವಾದ ಏಕಾಂತ ಬೇಕಾದವರು ಈ ಭಾಗವನ್ನು ಆರಿಸಿಕೊಳ್ಳುವುದು ಉತ್ತಮ.

ಕೊಠಡಿ ಗೊತ್ತುಮಾಡುವ ಮೊದಲು ಕೆಲವನ್ನು ಕೇಳಿ ತಿಳಿಯಬೇಕು. ವಾಹನ ಬಾಗಿಲವರೆಗೆ ಬರುತ್ತದೆಯೇ, ಎಷ್ಟು ಮೆಟ್ಟಿಲುಗಳಿವೆ, ವಿದ್ಯುತ್ ಹೋದಾಗ ಬದಲಿ ವ್ಯವಸ್ಥೆ ಉಂಟೇ, ರಾತ್ರಿ ಊಟ ಅಲ್ಲಿಯೇ ದೊರೆಯುತ್ತದೆಯೇ. ಹಳ್ಳಿಗಳಲ್ಲಿ ರಾತ್ರಿ ಎಂಟರ ನಂತರ ಹೋಟೆಲುಗಳು ತೆರೆದಿರುವುದು ಅಪರೂಪ. ಶಿವರಾತ್ರಿಯ ಜಾತ್ರೆ ಮತ್ತು ರಥೋತ್ಸವದ ದಿನಗಳಲ್ಲಿ ಗೋಕರ್ಣ ಯಾತ್ರಿಕರಿಂದ ತುಂಬಿರುತ್ತದೆ. ಉತ್ಸವ ನೋಡುವ ಆಸೆಯಿದ್ದವರು ಮೊದಲೇ ಕೊಠಡಿ ಕಾಯ್ದಿರಿಸಬೇಕು. ನೆಮ್ಮದಿ ಬಯಸುವವರು ಆ ವಾರವನ್ನು ಬಿಟ್ಟು ಬರಬೇಕು.

ಭೂಶಿರಗಳ ಮೇಲಿನ ನಡಿಗೆ

ಗೋಕರ್ಣದಿಂದ ದಕ್ಷಿಣಕ್ಕೆ ಕೂಡ್ಲೆ, ಓಂ, ಅರ್ಧಚಂದ್ರ, ಪ್ಯಾರಡೈಸ್ ದಂಡೆಗಳು ಒಂದರ ಹಿಂದೊಂದು ಬರುತ್ತವೆ. ಪ್ರತಿಯೊಂದರ ನಡುವೆಯೂ ಚಿರೆಕಲ್ಲಿನ ಗುಡ್ಡ. ಪೇಟೆಯಿಂದ ಕೂಡ್ಲೆಗೆ ಗುಡ್ಡ ಹತ್ತಿ ಇಳಿಯಲು ಅರ್ಧ ಗಂಟೆ ಸಾಕು. ಎರಡು ಅರ್ಧವೃತ್ತಗಳು ಕೂಡಿ ‘ಓಂ’ ಅಕ್ಷರದಂತೆ ಕಾಣುವ ಓಂ ದಂಡೆಗೆ ವಾಹನದಲ್ಲಿಯೂ ಹೋಗಬಹುದು. ಅದರಾಚೆಯ ಅರ್ಧಚಂದ್ರ, ಪ್ಯಾರಡೈಸ್ ದಂಡೆಗಳಿಗೆ ಕಾಲುದಾರಿ ಅಥವಾ ದೋಣಿಯೇ ಗತಿ.

ಈ ನಡಿಗೆಯನ್ನು ಬೆಳಿಗ್ಗೆ ಏಳರೊಳಗೆ ಆರಂಭಿಸಬೇಕು. ಹತ್ತರ ನಂತರ ಚಿರೆಕಲ್ಲಿನ ನೆಲ ಕಾದು ಕೆಂಡವಾಗುತ್ತದೆ, ದಾರಿಯಲ್ಲಿ ನೆರಳೂ ಕಡಿಮೆ. ಹಿಡಿತವಿರುವ ಪಾದರಕ್ಷೆ, ತಲೆಗೊಂದು ಬಟ್ಟೆ, ತಲಾ ಎರಡು ಲೀಟರ್ ನೀರು ಇರಲಿ. ಗುಡ್ಡದ ಅಂಚಿನ ಚಿರೆಕಲ್ಲು ಗಟ್ಟಿಯಂತೆ ಕಂಡರೂ ಅಡಿಯಲ್ಲಿ ಸವೆದಿರಬಹುದು. ಫೋಟೊ ತೆಗೆಯಲು ತುದಿಗೆ ಹೋಗಿ ನಿಲ್ಲಬಾರದು. ಕತ್ತಲಾದ ಮೇಲೆ ಈ ದಾರಿ ಹಿಡಿಯಲೇಬಾರದು. ಸೂರ್ಯಾಸ್ತ ನೋಡುವುದಾದರೆ ತಂಗಿರುವ ದಂಡೆಯಿಂದಲೇ ನೋಡುವುದು ಸುರಕ್ಷಿತ.

ಅಳಿವೆಯ ಕಡೆಗೆ ಒಂದು ದಿನ

ಬಹುತೇಕ ಪ್ರವಾಸಿಗರು ಓಂ ದಂಡೆಯಿಂದಲೇ ಹಿಂದಿರುಗುತ್ತಾರೆ. ಅವರು ಕಾಣದೇ ಹೋಗುವುದು ಅಘನಾಶಿನಿಯ ಅಳಿವೆಯನ್ನು. ಶಿರಸಿ ಸೀಮೆಯಲ್ಲಿ ಹುಟ್ಟಿ ಪಶ್ಚಿಮಕ್ಕೆ ಹರಿಯುವ ಈ ನದಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟು ಕಟ್ಟಿಲ್ಲ. ಸಿಹಿನೀರು ಮತ್ತು ಉಪ್ಪುನೀರು ಕೂಡುವ ವಿಶಾಲ ಅಳಿವೆಯಲ್ಲಿ ಕಾಂಡ್ಲಾ ವನಗಳು, ಮರಳ ದಿಬ್ಬಗಳು, ಚಳಿಗಾಲದಲ್ಲಿ ವಲಸೆ ಬರುವ ಹಕ್ಕಿಗಳು ಕಾಣಸಿಗುತ್ತವೆ. 2024ರ ಜನವರಿಯಲ್ಲಿ 4,801 ಹೆಕ್ಟೇರ್ ವಿಸ್ತಾರದ ಈ ಅಳಿವೆ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು.

ಗೋಕರ್ಣದಿಂದ ಸುಮಾರು 10 ಕಿ.ಮೀ. ದೂರದ ತದಡಿ ಮೀನುಗಾರಿಕೆ ಬಂದರು. ಬೆಳಿಗ್ಗೆ ದೋಣಿಗಳು ಮರಳುವ ವೇಳೆಗೆ ಹೋದರೆ ಬಂಗಡೆ, ಇಸ್ವಾಣ, ಸೀಗಡಿಗಳ ವ್ಯಾಪಾರ ನೋಡಬಹುದು. ಅಲ್ಲಿಂದ ದೋಣಿಯಲ್ಲಿ ನದಿ ದಾಟಿದರೆ ಎದುರು ದಡದಲ್ಲಿ ಅಘನಾಶಿನಿ ಎಂಬುದೇ ಹೆಸರಿನ ಹಳ್ಳಿ. ಅಲ್ಲಿಂದ ಕಾಗಾಲ, ಬಾಡದ ಕಡೆಗೆ ಹೋಗಬಹುದು. ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂಬುದನ್ನು ಹೋಗುವಾಗಲೇ ವಿಚಾರಿಸಿಕೊಳ್ಳಬೇಕು. ದೋಣಿ ತಪ್ಪಿದರೆ ಮಿರ್ಜಾನ್ ಸೇತುವೆಯ ಕಡೆಯಿಂದ ದೊಡ್ಡ ಸುತ್ತು ಹಾಕಿ ಮರಳಬೇಕಾಗುತ್ತದೆ.

ಇಳಿತದ ವೇಳೆಯಲ್ಲಿ ಮೊಣಕಾಲುದ್ದ, ಸೊಂಟದುದ್ದ ನೀರಿನಲ್ಲಿ ನಿಂತು ಗಂಡಸರು, ಹೆಂಗಸರು ಬಳಚು ಹೆಕ್ಕುತ್ತಿರುತ್ತಾರೆ. ಅಳಿವೆಯ ಸುತ್ತಲಿನ ಅನೇಕ ಕುಟುಂಬಗಳಿಗೆ ಈ ಚಿಪ್ಪುಮೀನೇ ಆಹಾರ, ಇದೇ ಆದಾಯ. ದಡದ ತಗ್ಗು ಗದ್ದೆಗಳಿಗೆ ಗಜನಿ ಎಂದು ಹೆಸರು. ಮಳೆಯ ನೀರು ಉಪ್ಪನ್ನು ತೊಳೆದಾಗ ಇಲ್ಲಿ ಉಪ್ಪು ತಾಳುವ ಕಗ್ಗ ಎಂಬ ಭತ್ತವನ್ನು ಬಿತ್ತುತ್ತಾರೆ. ಕೊಯ್ಲಿನ ನಂತರ ಅದೇ ಗದ್ದೆಗೆ ಉಬ್ಬರದೊಡನೆ ಮೀನು, ಸೀಗಡಿಗಳು ಬರುತ್ತವೆ. ಒಂದೇ ನೆಲ ಆರು ತಿಂಗಳು ಅನ್ನವನ್ನೂ ಉಳಿದ ಕಾಲ ಮೀನನ್ನೂ ಕೊಡುವ ಈ ಪದ್ಧತಿ ಕಟ್ಟೆಗಳು ಶಿಥಿಲವಾಗಿ, ಸೀಗಡಿ ಕೃಷಿ ಹೆಚ್ಚಿ, ಬಹಳ ಕಡೆ ಕ್ಷೀಣಿಸಿದೆ. ಮಾಣಿಕಟ್ಟಾದಂಥ ಕೆಲವೇ ಊರುಗಳಲ್ಲಿ ಕಗ್ಗ ಉಳಿದಿದೆ.

ಈ ಅಳಿವೆ ಹೀಗೆಯೇ ಉಳಿಯುವ ಭರವಸೆಯೇನೂ ಇರಲಿಲ್ಲ. ತದಡಿಯಲ್ಲಿ 4,000 ಮೆಗಾವಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾವವಿತ್ತು. ಸ್ಥಳೀಯರ ಹಾಗೂ ಪರಿಸರ ತಜ್ಞರ ತೀವ್ರ ವಿರೋಧದಿಂದ ಅದು ಕೈಬಿಟ್ಟುಹೋಯಿತು. ನದಿಯ ನೀರನ್ನು ವೇದಾವತಿಯ ಕಡೆಗೆ ತಿರುಗಿಸುವ ಪ್ರಸ್ತಾವವನ್ನೂ ಜಿಲ್ಲೆಯ ಜನ ವಿರೋಧಿಸಿದ್ದಾರೆ. ಮೇಲಿನಿಂದ ಬರುವ ಸಿಹಿನೀರು ಕಡಿಮೆಯಾದರೆ ಅಳಿವೆಯ ಉಪ್ಪಿನಂಶ ಏರುತ್ತದೆ. ಬಳಚು, ಕಗ್ಗ, ಕಾಂಡ್ಲಾ ಎಲ್ಲವೂ ನಿಂತಿರುವುದು ಆ ಹದದ ಮೇಲೆಯೇ. ಹತ್ತಿರದ ಕೇಣಿ, ಕಾಸರಕೋಡು ತೀರಗಳಲ್ಲಿ ಬಂದರು ಯೋಜನೆಗಳ ವಿರುದ್ಧ ಮೀನುಗಾರರು ಹೋರಾಟ ನಡೆಸಿದ್ದಾರೆ. ಪ್ರವಾಸಿಗರು ‘ಹಾಳಾಗದ ತೀರ’ ಎಂದು ಮೆಚ್ಚುವ ಸ್ಥಳದ ಹಿಂದೆ ಇಂಥ ಜನರ ಪಟ್ಟು ಇದೆ.

ಕಡಲು: ಮೋಹವೂ ಅಪಾಯವೂ

ಇಲ್ಲಿನ ಕಡಲನ್ನು ಕೆರೆಯಂತೆ ಭಾವಿಸುವುದೇ ಅನಾಹುತಕ್ಕೆ ಮೂಲ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರದ ಪಾಲಾದರು. ಅದು ಮಳೆಗಾಲವಲ್ಲ, ಕಡಲು ಶಾಂತವೆಂದು ಎಲ್ಲರೂ ನಂಬುವ ಚಳಿಗಾಲ ಎಂಬುದನ್ನು ಗಮನಿಸಬೇಕು.

ದಂಡೆಗೆ ಅಪ್ಪಳಿಸಿದ ನೀರು ಹಿಂದಿರುಗಲು ಒಂದು ದಾರಿ ಮಾಡಿಕೊಳ್ಳುತ್ತದೆ. ಅಲೆಗಳು ಒಡೆಯದೆ ನೀರು ಸಮತಟ್ಟಾಗಿ, ಕಡುಬಣ್ಣದಲ್ಲಿ ಕಾಣುವ ಕಿರಿದಾದ ಪಟ್ಟಿಯೇ ಆ ದಾರಿ. ಈಜು ಬಾರದವರ ಕಣ್ಣಿಗೆ ಅದೇ ಸುರಕ್ಷಿತ ಜಾಗವಾಗಿ ತೋರುತ್ತದೆ. ಬಂಡೆಗಳ ಪಕ್ಕದಲ್ಲಿ, ಅಳಿವೆಯ ಬಾಯಿಯಲ್ಲಿ ಈ ಸೆಳೆತ ಬಲವಾಗಿರುತ್ತದೆ. ಅದರಲ್ಲಿ ಸಿಲುಕಿದವರು ದಡದತ್ತ ನೇರವಾಗಿ ಈಜಲು ಹೆಣಗಬಾರದು. ಮೊದಲು ತೇಲುತ್ತ ಶಕ್ತಿ ಉಳಿಸಿಕೊಂಡು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಅಲೆ ಒಡೆಯುವ ಜಾಗದಿಂದ ಹೊರಬರಬೇಕು. ಒಬ್ಬರು ಮುಳುಗುತ್ತಿದ್ದಾರೆಂದು ಈಜು ಬಾರದ ಇನ್ನೊಬ್ಬರು ಹಾರುವುದರಿಂದ ಸಾವಿನ ಸಂಖ್ಯೆ ಹೆಚ್ಚುತ್ತದೆ. ಹಗ್ಗ, ಗಾಳಿ ತುಂಬಿದ ಟ್ಯೂಬ್, ಮುಚ್ಚಳ ಹಾಕಿದ ಖಾಲಿ ಕ್ಯಾನ್ ಏನಾದರೂ ಎಸೆದು ಜೀವರಕ್ಷಕರನ್ನು ಅಥವಾ ಮೀನುಗಾರರನ್ನು ಕೂಗುವುದು ಸರಿಯಾದ ಕ್ರಮ.

ಮುಖ್ಯ ದಂಡೆಗಳಲ್ಲಿ ಜೀವರಕ್ಷಕರು ಇರುತ್ತಾರೆ. ಅರ್ಧಚಂದ್ರ, ಪ್ಯಾರಡೈಸ್‌ನಂಥ ದೂರದ ದಂಡೆಗಳಲ್ಲಿ ಅವರನ್ನು ನಿರೀಕ್ಷಿಸುವಂತಿಲ್ಲ. ಅಂಥಲ್ಲಿ ಮೊಣಕಾಲಿಗಿಂತ ಆಳಕ್ಕೆ ಹೋಗದಿರುವುದೇ ನಿಯಮವಾಗಲಿ. ಕುಡಿದು ನೀರಿಗಿಳಿಯುವುದಂತೂ ಸಲ್ಲದು.

ಉಬ್ಬರ–ಇಳಿತದ ಲೆಕ್ಕವೂ ತಿಳಿದಿರಬೇಕು. ಸುಮಾರು ಆರು ಗಂಟೆಗೊಮ್ಮೆ ನೀರು ಏರುವುದು ಇಳಿಯುವುದು ನಡೆಯುತ್ತಿರುತ್ತದೆ; ಮರುದಿನ ಅದೇ ಸ್ಥಿತಿ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು. ಇಳಿತದಲ್ಲಿ ಬಂಡೆಗಳ ಬುಡದಲ್ಲಿ ನಡೆದುಹೋದವರಿಗೆ ಉಬ್ಬರದಲ್ಲಿ ಮರಳುವ ದಾರಿಯೇ ಮುಚ್ಚಿಹೋಗಬಹುದು. ಅಂದಿನ ವೇಳೆಯನ್ನು ಮೀನುಗಾರರಲ್ಲಿ ಕೇಳಿದರೆ ಸಾಕು, ಕರಾರುವಾಕ್ಕಾಗಿ ಹೇಳುತ್ತಾರೆ.

ಊಟ, ಉಪಚಾರ

ಮೀನು ತಿನ್ನುವವರಿಗೆ ಇದು ಹಬ್ಬದ ನಾಡು. ಬಂಗಡೆಯ ಸಾರು, ಕಾಣೆಯ ಹುರಿದ ತುಂಡು, ಬಳಚಿನ ಸುಕ್ಕ ಸಣ್ಣ ಖಾನಾವಳಿಗಳಲ್ಲಿಯೇ ಚೆನ್ನ. ಹಲಗೆಯ ಮೇಲಿನ ಪಟ್ಟಿ ನೋಡುವ ಬದಲು ಅಂದು ಬಂದ ಮೀನು ಯಾವುದೆಂದು ಕೇಳುವುದು ಇಲ್ಲಿನ ರೂಢಿ. ಸಸ್ಯಾಹಾರಿಗಳಿಗೆ ಹವ್ಯಕರ ಮನೆಯಡುಗೆಯ ತಂಬುಳಿ, ಅಪ್ಪೆಹುಳಿ, ಜೊತೆಗೆ ಮುರುಗಲ ಹಣ್ಣಿನ ಪಾನಕ ಇದೆ. ಸೆಕೆಯಲ್ಲಿ ನಡೆದು ಬಂದವರಿಗೆ ಅಪ್ಪೆಹುಳಿಗಿಂತ ಹಿತವಾದದ್ದು ಇಲ್ಲ. ಹೋಂಸ್ಟೇಯವರಿಗೆ ಬೆಳಿಗ್ಗೆಯೇ ತಿಳಿಸಿದರೆ ಇವನ್ನು ಮಾಡಿಕೊಡುತ್ತಾರೆ.

ನವೆಂಬರ್‌ನಿಂದ ಮೇವರೆಗೆ ಬಯಲಾಟಗಳ ಕಾಲ. ಬಡಗುತಿಟ್ಟಿನ ಯಕ್ಷಗಾನ ಸುತ್ತಲಿನ ಯಾವುದಾದರೂ ಊರಿನಲ್ಲಿ ಇದ್ದೇ ಇರುತ್ತದೆ. ಬಸ್ ನಿಲ್ದಾಣದ ಗೋಡೆಯ ಮೇಲಿನ ಕರಪತ್ರ ನೋಡಿದರೆ ತಿಳಿಯುತ್ತದೆ. ಇನ್ನೊಂದು ದಿನ ಬಿಡುವಿದ್ದರೆ ಮಿರ್ಜಾನ್ ಕೋಟೆಗೆ ಹೋಗಬಹುದು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯೊಡನೆ ಹೆಸರು ಬೆಸೆದಿರುವ ಈ ಚಿರೆಕಲ್ಲಿನ ಕೋಟೆ ಕುಮಟೆಯಿಂದ ಸುಮಾರು 11 ಕಿ.ಮೀ. ದೂರದಲ್ಲಿ, ಹೆದ್ದಾರಿಗೆ ಸಮೀಪವೇ ಇದೆ. ಕಪ್ಪು ಶಿಖರಗಳ ಯಾಣವೂ ಕುಮಟೆಯಿಂದ ಅರ್ಧ ದಿನದ ಹಾದಿ.

ಅತಿಥಿಯ ನಡವಳಿಕೆ

ಈ ದಂಡೆಗಳು ಸ್ಥಳೀಯರ ದುಡಿಮೆಯ ಅಂಗಳ. ರಂಪಣಿ ಬಲೆ ಎಳೆಯುವಾಗ ಅಡ್ಡ ನಿಲ್ಲಬಾರದು, ಒಣಹಾಕಿದ ಮೀನು, ಬಲೆಗಳನ್ನು ತುಳಿಯಬಾರದು. ಹಾಲಕ್ಕಿ ಒಕ್ಕಲಿಗರ ಹೆಂಗಸರ ಉಡುಗೆ, ಮಣಿಸರಗಳನ್ನು ಕಂಡು ಅಪ್ಪಣೆಯಿಲ್ಲದೆ ಫೋಟೊ ತೆಗೆಯುವುದು ಅಸಭ್ಯತೆ. ಗೋಕರ್ಣ ತೀರ್ಥಕ್ಷೇತ್ರ, ಮಹಾಬಲೇಶ್ವರ ದೇವಾಲಯದಲ್ಲಿ ಉಡುಪಿನ ನಿಯಮವಿದೆ, ಕೋಟಿತೀರ್ಥದ ಸುತ್ತ ಶ್ರಾದ್ಧಾದಿ ಕರ್ಮಗಳು ನಡೆಯುತ್ತಿರುತ್ತವೆ. ಈಜುಡುಗೆಯಲ್ಲಿ ಪೇಟೆ ಸುತ್ತುವುದು ಅಲ್ಲಿನವರ ಮನಸ್ಸಿಗೆ ನೋವುಂಟುಮಾಡುತ್ತದೆ.

ರಸ್ತೆಯಿಲ್ಲದ ದಂಡೆಯಲ್ಲಿ ಬಿಟ್ಟ ಬಾಟಲಿಯನ್ನು ಒಯ್ಯಲು ಯಾವ ಗಾಡಿಯೂ ಬರುವುದಿಲ್ಲ. ಮುಂದಿನ ಉಬ್ಬರ ಅದನ್ನು ಮೀನುಗಾರರ ಬಲೆಗೆ ಸೇರಿಸುತ್ತದೆ. ಕೊಂಡೊಯ್ದದ್ದನ್ನೆಲ್ಲ ಹಿಂದಕ್ಕೆ ತರುವುದು ಪ್ರವಾಸಿಗರ ಹೊಣೆ. ಈ ಜಿಲ್ಲೆಯ ಮರಳ ದಂಡೆಗಳಿಗೆ ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ರಾತ್ರಿ ದಂಡೆಯಲ್ಲಿ ಬೆಂಕಿ, ಪ್ರಖರ ದೀಪ, ಅಬ್ಬರದ ಸಂಗೀತ ಬೇಡ.

ಪ್ರವಾಸಿಗರ ಗಮನಕ್ಕೆ

ರೈಲು: ಬೆಂಗಳೂರಿನಿಂದ ಪಂಚಗಂಗಾ ಎಕ್ಸ್‌ಪ್ರೆಸ್ ಕಾರವಾರದವರೆಗೆ ಈ ಮಾರ್ಗದಲ್ಲಿ ಸಂಚರಿಸುತ್ತದೆ. ಗೋಕರ್ಣ ರೋಡ್ ನಿಲ್ದಾಣ ಪೇಟೆಯಿಂದ ಸುಮಾರು 10 ಕಿ.ಮೀ. ದೂರ. ಎಲ್ಲ ರೈಲುಗಳೂ ಅಲ್ಲಿ ನಿಲ್ಲುವುದಿಲ್ಲವಾದ್ದರಿಂದ ಕುಮಟಾ, ಅಂಕೋಲಾ ನಿಲ್ದಾಣಗಳನ್ನೂ ನೋಡಿಕೊಳ್ಳಬೇಕು.

ರಸ್ತೆ: ಹುಬ್ಬಳ್ಳಿಯಿಂದ ಸುಮಾರು 150 ಕಿ.ಮೀ., ಮಂಗಳೂರಿನಿಂದ ಸುಮಾರು 235 ಕಿ.ಮೀ., ಬೆಂಗಳೂರಿನಿಂದ ಸುಮಾರು 480 ಕಿ.ಮೀ. ಹೆದ್ದಾರಿ 66ರಲ್ಲಿ ಮಾದನಗೇರಿಯ ಬಳಿ ಗೋಕರ್ಣಕ್ಕೆ ತಿರುವು. ಶಿರಸಿ–ಕುಮಟಾ ನಡುವಿನ ದೇವಿಮನೆ ಘಟ್ಟದ ಸಂಚಾರ ಸ್ಥಿತಿಯನ್ನು ಹೊರಡುವ ಮುನ್ನ ವಿಚಾರಿಸಬೇಕು.

ವೈದ್ಯಕೀಯ: ಕುಮಟಾ, ಅಂಕೋಲಾಗಳಲ್ಲಿ ಆಸ್ಪತ್ರೆಗಳಿವೆ. ಗಂಭೀರ ಚಿಕಿತ್ಸೆಗೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾಕ್ಕೆ ಹೋಗುವುದು ವಾಡಿಕೆ. ಹೃದ್ರೋಗ, ಮಧುಮೇಹ ಉಳ್ಳವರು ಔಷಧಿಯನ್ನು ಹೆಚ್ಚಾಗಿಯೇ ಇಟ್ಟುಕೊಳ್ಳಲಿ. ತುರ್ತು ಕರೆ: 112, ಆಂಬುಲೆನ್ಸ್: 108.

ನಾಲ್ಕು ದಿನಗಳ ಕ್ರಮ: ಮೊದಲ ದಿನ ತಂಗಿರುವ ದಂಡೆಯಲ್ಲಿಯೇ ವಿಶ್ರಾಂತಿ, ಎರಡನೆಯ ಬೆಳಿಗ್ಗೆ ಭೂಶಿರಗಳ ನಡಿಗೆ, ಮೂರನೆಯ ದಿನ ತದಡಿ, ಅಳಿವೆ, ಕಾಗಾಲ, ಬಾಡ, ನಾಲ್ಕನೆಯ ದಿನ ಸಾಣಿಕಟ್ಟಾ ಅಥವಾ ಮಿರ್ಜಾನ್. ಪ್ರತಿದಿನದ ಮಧ್ಯಾಹ್ನವನ್ನು ಖಾಲಿ ಬಿಡಬೇಕು. ದಣಿವೆನಿಸಿದ ದಿನ ಈ ಪಟ್ಟಿಯನ್ನು ಪೂರ್ತಿಯಾಗಿ ಕೈಬಿಟ್ಟರೂ ನಷ್ಟವೇನಿಲ್ಲ.